ಮ್ಯಾಗ ಅಂದರೆ ಯಾವ ದಿಕ್ಕು

೧೯೬೮ರಲ್ಲಿ, ನಾಲ್ಕನೇತ್ತೆಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಬಡತನ ಬಿಡಿಸಿತು ಎಂದು ಹೇಳಿಕೊಳ್ಳಬಹುದು, ಆದರೆ ಅದು ಅರ್ಧ ಸುಳ್ಳು. ಬಾವಿ ತೋಡುವಾಗ ಅಪ್ಪನ ಕೈಗೆ ಪೆಟ್ಟಾಯಿತು, ಅವನ ಗುದ್ದಲಿ ಹಿಡಿದು ನಾನು ಹೋದೆ. ಕೈ ವಾಸಿಯಾದ ಮೇಲೂ ಶಾಲೆಯ ಕಡೆ ತಿರುಗಲಿಲ್ಲ. ದುಡಿಯುವ ಗಂಡಸರ ಸಾಲಿನಲ್ಲಿ ಕುಳಿತು ರೊಟ್ಟಿ ತಿನ್ನುವುದು ಹತ್ತು ವರ್ಷದ ಹುಡುಗನಿಗೆ ಪಾಟಿಗಿಂತ ದೊಡ್ಡದಾಗಿ ಕಂಡಿತ್ತು.

ಮುಂದೆ ಕುಡಚಿಯ ಸುತ್ತ ಕೃಷ್ಣಾ ಹೊಳೆಯಿಂದ ಹೊಲಗಳಿಗೆ ಪೈಪ್‌ಲೈನ್ ಹಾಕುವ ಕೆಲಸ ಜೋರಾಯಿತು. ನಾನು ಎಂಟು ಮಂದಿಯ ಗ್ಯಾಂಗ್ ಕಟ್ಟಿದೆ. ಪೈಪು ಹೂಳುವ ಚರಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದೆ. ಓದಿದ ಎಂಜಿನಿಯರು ಬಂದು ಅಳೆದರೂ ಬೆರಳಷ್ಟು ಫರಕು ಬರುತ್ತಿರಲಿಲ್ಲ. ಈ ಮಾತನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ನಾನೇ.

ನನಗೆ ಒಬ್ಬಳೇ ಮಗಳು. ೧೯೮೯ರಲ್ಲಿ ಅವಳು ನಾಲ್ಕನೇತ್ತೆಯಲ್ಲಿದ್ದಳು. ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಶಾಲೆಗೆ ಒಂದು ಹರದಾರಿ ಕಬ್ಬಿನ ನಡುವೆ ನಡೆಯಬೇಕು. ಊರಿನ ಯಾವ ಹೆಣ್ಣುಮಗುವೂ ನಡೆದಿರಲಿಲ್ಲ. ಚಿಕ್ಕೋಡಿಯಲ್ಲಿ ಹುಡುಗಿಯರ ವಸತಿ ಶಾಲೆಯೊಂದಿತ್ತು. ಪ್ರವೇಶ ಪರೀಕ್ಷೆಯಲ್ಲಿ ಪಾಸಾದರೆ ಹತ್ತನೇತ್ತೆಯವರೆಗೆ ಊಟ, ವಸತಿ, ಓದು ಎಲ್ಲ ಅಲ್ಲೇ. ಆಗದಿದ್ದರೆ ಮನೆ. ಅವಳಿಗಿದ್ದದ್ದು ಅದೊಂದೇ ಬಾಗಿಲು.

ಊರ ಮಾಸ್ತರು ಒಂದು ಸಂಜೆ ಕೆಲಸದ ಜಾಗಕ್ಕೇ ಬಂದರು. ಹುಡುಗಿ ಲೆಕ್ಕದಲ್ಲಿ ಚುರುಕು, ಭಾಷೆಯೂ ಅಡ್ಡಿಯಿಲ್ಲ ಎಂದರು. ಆಮೇಲೆ ನನ್ನ ಗ್ಯಾಂಗಿನವರ ಎದುರಿಗೇ, "ಸಮಾಜ ವಿಷಯ ಒಂದ ಕಚ್ಚಾ ಐತ್ರಿ. ಐತವಾರಕ್ಕೊಮ್ಮೆ ನನ್ನ ಹಂತ್ಯಾಕ ಕಳಸ್ರಿ. ನಿಮ್ಮ ಮನ್ಯಾಗ ಹೇಳಿಕೊಡಾವ್ರು ಯಾರ ಅದಾರ?" ಎಂದರು.

ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನನಗೆ ಮಾತ್ರ ಕೊನೆಯ ಮಾತು ಚುಚ್ಚಿತು.

"ನಾ ಅದೀನಲ್ರಿ," ಎಂದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು. ಪೈಪು ಜೋಡಿಸಿದಂತೆ ಅಕ್ಷರ ಜೋಡಿಸುತ್ತೀರೇನು ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದು, ಬೆಳಕಿರುವಾಗಲೇ ಮಗಳನ್ನು ಅಂಗಳದಲ್ಲಿ ಕೂಡಿಸಿಕೊಳ್ಳುತ್ತಿದ್ದೆ. ಮೊದಮೊದಲು ಚೆನ್ನಾಗಿಯೇ ನಡೆಯಿತು. ಮಂಡಲ ಪಂಚಾಯಿತಿಯ ಪಾಠಕ್ಕೆ ಅವಳನ್ನು ಪಂಚಾಯಿತಿ ಕಟ್ಟೆಗೇ ಕರೆದೊಯ್ದು ತೋರಿಸಿದೆ. ನದಿಗಳ ಪಾಠದಲ್ಲಂತೂ ಪುಸ್ತಕವೇ ಬೇಕಾಗಲಿಲ್ಲ. ಕೃಷ್ಣೆ, ದೂಧಗಂಗೆ, ಘಟಪ್ರಭೆ, ಎಲ್ಲದರ ದಂಡೆಯನ್ನೂ ನಾನು ಅಗೆದಿದ್ದೆ.

ಆಮೇಲೆ ನಕಾಶೆ ಬಂತು.

ನಾನು ಬಿಟ್ಟ ಶಾಲೆಯಲ್ಲಿ ನಕಾಶೆ ಇರಲಿಲ್ಲ. ಪುಸ್ತಕದ ಚಿತ್ರದಲ್ಲಿ ಸಮುದ್ರ ಎಡಕ್ಕಿತ್ತು, ಹೊಳೆ ಎಡದಿಂದ ಬಲಕ್ಕೆ ಅಡ್ಡ ಹರಿದಿತ್ತು. ನೋಡಿ ನನಗೆ ನಗು ಬಂತು. ಹೊಳೆಸಾಲಿನ ನಮಗೆ ಮ್ಯಾಗ ಎಂದರೆ ನೀರು ಬರುವ ಕಡೆ, ಅಂದರೆ ಪಡುವಣ. ಕೊಂಕಣದ ಘಟ್ಟದಲ್ಲಿ ಮಳೆ ಹಿಡಿದರೆ, "ಮ್ಯಾಗ ಮಳಿ ಆಗೇತಿ, ಹೊಳಿ ಬರತೈತಿ" ಎಂದು ಮೋಟಾರು ಎತ್ತಿ ದಂಡೆಗೆ ಇಡುತ್ತೇವೆ. ಮಗಳು ಪುಸ್ತಕವನ್ನು ಅಡ್ಡ ಹಿಡಿದಿದ್ದಾಳೆ ಎಂದೇ ತಿಳಿದೆ. ಚರಿಯ ಗುರುತು ಹಾಕುವ ಸುಣ್ಣದ ಪುಡಿ ತಂದು ಅಂಗಳದಲ್ಲಿ ರಾಜ್ಯವನ್ನು ನನ್ನ ಪ್ರಕಾರ ಬರೆದೆ. ನೆತ್ತಿಯ ಮೇಲೆ ಸಮುದ್ರ, ಅಲ್ಲಿಂದ ಕೆಳಕ್ಕೆ ಕೃಷ್ಣೆ.

"ಅಪ್ಪಾ, ನಕಾಶ್ಯಾಗ ಮ್ಯಾಗ ಅಂದ್ರ ಉತ್ತರ ಅಂತ. ಸರ್ ಹೇಳ್ಯಾರ."

"ಹೊಳಿ ಎಲ್ಲಿಂದ ಬರತೈತಿ?"

"ಮ್ಯಾಗಿಂದ."

"ಮತ್ತ? ನೀರ ಸುಳ್ಳ ಹೇಳತೈತೇನ? ನಿಮ್ಮ ಸರ್ ಒಮ್ಮೆರ ಚರಿ ಹೊಡದಾರೇನ?"

ಅವಳು ಪುಸ್ತಕ ಮುಚ್ಚಿದಳು. ನನ್ನ ದನಿ ಏರಿತ್ತು. ಎಂಟು ದಿನ ಅದೇ ನಕಾಶೆ ಬರೆಸಿದೆ, ನೋಡದೆ ಬರೆಯುವ ತನಕ ಬಿಡಲಿಲ್ಲ.

ಪರೀಕ್ಷೆಯ ದಿನ ಚಿಕ್ಕೋಡಿಯಲ್ಲಿ ಶಾಲೆಯ ಗೇಟಿನ ಹೊರಗೆ ಕಾದು ನಿಂತಿದ್ದೆ. ಹೊರಗೆ ಬಂದವಳಿಗೆ ನಾನು ಕೇಳಿದ ಮೊದಲ ಮಾತು, ಸಮುದ್ರ ಎಲ್ಲಿ ಬರೆದಿ ಎಂಬುದು. ಮ್ಯಾಗ ಎಂದಳು. ಬೆನ್ನು ತಟ್ಟಿ ಭಜಿ ಕೊಡಿಸಿದೆ. ಅವಳು ಅರ್ಧ ತಿಂದು ಬಿಟ್ಟಳು.

ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಜಗಳಕ್ಕೆಂದೇ ಒಬ್ಬನೇ ಹೋದೆ. ಆ ಶಾಲೆಯ ಮುಖ್ಯ ಶಿಕ್ಷಕಿ, ಎಲ್ಲರೂ ಕರೆಯುವಂತೆ ಬಾಯಾರು, ನನ್ನನ್ನು ಕೂಡಿಸಿ ಅವಳ ಪೇಪರನ್ನೇ ತೆಗೆದು ತೋರಿಸಿದರು. ಮೂರು ಅಂಕ ಕಡಿಮೆ ಬಿದ್ದಿತ್ತು. ನಕಾಶೆಗೆ ಐದು ಅಂಕ, ಅಲ್ಲಿ ಸೊನ್ನೆ. ಬೀದರ ಇರಬೇಕಾದ ಕಡೆ ದುಂಡನೆಯ ಅಕ್ಷರದಲ್ಲಿ ಅರಬ್ಬಿ ಸಮುದ್ರ ಎಂದಿತ್ತು.

ನಕಾಶೆಯೇ ತಪ್ಪು ಎಂದು ನಾನು ವಾದಿಸಿದೆ. ಬಾಯಾರು ಎದ್ದು ಗೋಡೆಯ ನಕಾಶೆಯ ತುದಿಯಲ್ಲಿದ್ದ ಬಾಣದ ಗುರುತಿನ ಮೇಲೆ ಬೆರಳಿಟ್ಟರು. ಉತ್ತರ ಎಂದು ಬರೆದಿತ್ತು. ಹಿಂದೆ ಕುಳಿತಿದ್ದ ಯಾರದೋ ತಂದೆ, "ಹಂಗಾದ್ರ ಬೀದರದಾಗ ಮೀನ ಹಿಡೀಬೇಕ್ರಿ ಯಜಮಾನ್ರ," ಎಂದ. ಇಬ್ಬರು ಮೂವರು ನಕ್ಕರು. ಬಾಯಾರು ನಗಲಿಲ್ಲ. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು.

ಮನೆಗೆ ಬಂದಾಗ ಮಗಳು ಜೋಳ ಹಸನು ಮಾಡುತ್ತಿದ್ದಳು. ನಿಮ್ಮ ಸರ್ ನಿನಗೆ ನೆಟ್ಟಗೆ ಕಲಿಸಿಲ್ಲ ಎಂದು ಶುರು ಮಾಡಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಸರ್ ಹೇಳಿದ್ದು ನೆನಪಿತ್ತಪ್ಪಾ. ಹೊರಗ ಬಂದ ಕೂಡ್ಲೆ ನೀ ಕೇಳ್ತಿ ಅಂತ ಗೊತ್ತಿತ್ತು. ಅದಕ್ಕ ನೀ ಹೇಳಿದ್ದ ಬರದೆ."

ನಾನು ಆ ಮಾತನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಇಲ್ಲ. ವಶೀಲಿ ಇದ್ದವರಿಗೆ ಸೀಟು ಹೋದವು ಎಂದು ಊರಿಗೆಲ್ಲ ಸಾರಿದೆ. ಊರು ನಂಬಿತು.

ಜೂನ್ ತಿಂಗಳಲ್ಲಿ ಮಾಸ್ತರು ಮತ್ತೊಮ್ಮೆ ಬಂದರು. ಮುಂದಿನ ಊರಿನ ಶಾಲೆಗೆ ತಮ್ಮ ತಮ್ಮನ ಮಗಳನ್ನೂ ಕಳಿಸುತ್ತಾರಂತೆ, ಇಬ್ಬರು ಜೋಡಿಯಾಗಿ ನಡೆದರೆ ಹೆದರಿಕೆಯಿಲ್ಲ ಎಂದರು. ಒಪ್ಪಿಕೊಂಡರೆ ನಕಾಶೆಯ ಮಾತು ಬರುತ್ತದೆ, ಅವರೆದುರು ತಲೆ ತಗ್ಗಿಸಬೇಕಾಗುತ್ತದೆ ಎನ್ನಿಸಿತು. ಹುಡುಗಿಗೆ ಮೈಯಲ್ಲಿ ಆರಾಮಿಲ್ಲ ಎಂದುಬಿಟ್ಟೆ. ಅವಳು ಬಾಗಿಲ ಹಿಂದೆ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮಾಸ್ತರು ಹೋದ ಮೇಲೆ ಅದನ್ನು ತೆಗೆದು ಗೂಟಕ್ಕೆ ಹಾಕಿದಳು.

ಮರುವರ್ಷದಿಂದ ನನ್ನ ಚರಿಯಲ್ಲೇ ಮಣ್ಣಿನ ಬುಟ್ಟಿ ಹೊತ್ತಳು. ಆರು ವರ್ಷ ಹೊತ್ತಳು. ಹದಿನೇಳಕ್ಕೆ ಪಾಲಬಾವಿಗೆ ಮದುವೆ ಮಾಡಿ ಕೊಟ್ಟೆವು. ಈಗಲೂ ನಾನು ಏನು ಕೇಳಿದರೂ, ನೀ ಹೆಂಗ ಅಂತಿ ಹಂಗ ಅಪ್ಪಾ ಎನ್ನುತ್ತಾಳೆ.

ಈಗ ನನಗಿರುವುದು ಮೂರು ಕೋಣೆಯ ಹಂಚಿನ ಮನೆ, ಒಂದೂವರೆ ಎಕರೆ ನೀರಾವರಿ, ಎರಡು ಎಮ್ಮೆ, ಒಂದು ಸೈಕಲ್ಲು, ಹೆಂಡತಿ, ಮಗಳು ಒಬ್ಬಳು, ಮೊಮ್ಮಕ್ಕಳು ಇಬ್ಬರು.