ಖಾರವಿಲ್ಲದ ಕ್ಯೂಬಾ ಸಾಸಿನ ಬೆನ್ನು ಹತ್ತಿ

2014ರ ಡಿಸೆಂಬರ್ ಮೊದಲ ವಾರ. ಗುರುವಾರ ಸಂಜೆ ಕುಂದಾಪುರದಲ್ಲಿ ರೈಲು ಹತ್ತಿ ಶುಕ್ರವಾರ ನಸುಕಿನಲ್ಲಿ ಠಾಣೆಯಲ್ಲಿ ಇಳಿದೆ. ಹೊರಗೆ ಸಣ್ಣಗೆ ಚಳಿ ಇತ್ತು. ಪ್ಲಾಟ್‌ಫಾರ್ಮಿನ ಚಹಾ ಹತ್ತು ರೂಪಾಯಿಗೆ ಮೂರು ಗುಟುಕು, ಅದರಲ್ಲೂ ಒಂದು ಗುಟುಕು ನೊರೆ. ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಚಹಾದವನು ನನ್ನನ್ನೇ ದಿಟ್ಟಿಸಿದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದವನು ನಾನು. ಗಡಿಕಲ್ಲು ನೆಟ್ಟಲ್ಲೇ ಇದೆ ಎಂದು ಯಾರಾದರೂ ಆಣೆ ಹಾಕಿದರೆ ನನ್ನ ಅನುಮಾನ ಮೊದಲು ಆಣೆ ಹಾಕಿದವನ ಮೇಲೆ. ಈ ಪ್ರಯಾಣಕ್ಕೆ ಹೊರಟದ್ದೂ ಅನುಮಾನದಿಂದಲೇ. ಡೊಂಬಿವಲಿಯಲ್ಲಿ ಪುಟ್ಟ ಹೋಟೆಲು ನಡೆಸುತ್ತಿರುವ ನನ್ನ ತಂಗಿ ಗುಲಾಬಿಯ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಕೋಟದ ಆ ಸಂಬಂಧವನ್ನು ನೋಡಿ ನಿಶ್ಚಯಿಸಿದ್ದು ನಾನೇ. ಈಗ ಅವಳು ಜಗನ್ನಾಥ ಎನ್ನುವವನನ್ನು ಮದುವೆಯಾಗುತ್ತೇನೆಂದು ಫೋನು ಮಾಡಿದ್ದಳು. "ಸೋಮವಾರ ಠಾಣೆಯಲ್ಲಿ ರಿಜಿಸ್ಟರ್ ಮದುವೆ ಅಣ್ಣಯ್ಯ. ಸಾಕ್ಷಿಗೆ ಮೂರು ಜನ ಬೇಕು. ನನ್ನ ಕಡೆಯಿಂದ ನೀನು ಸೈನ್ ಹಾಕ್ಬೇಕು."

ಯಾರು ಈ ಜಗನ್ನಾಥ ಎಂದರೆ, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನಂತೆ. ಬೈಂದೂರಿನ ಕಡೆಯವನಂತೆ. ಕ್ಯೂಬಾ ದೇಶದಲ್ಲಿ ಹಡಗು ಕೆಟ್ಟು ಎರಡು ತಿಂಗಳು ನಿಂತಾಗ ಬಂದರಿನ ಪಕ್ಕದ ಖಾನಾವಳಿಯ ಮುದುಕಿಯೊಬ್ಬಳಿಂದ ಅಲ್ಲಿಯ ಹಾಟ್ ಸಾಸ್ ಮಾಡುವುದನ್ನು ಕಲಿತನಂತೆ. ಎರಡು ವರ್ಷದಿಂದ ಗುಲಾಬಿಯ ಅಡುಗೆಮನೆಯಲ್ಲಿ ಅದನ್ನೇ ಮಾಡುತ್ತಿದ್ದಾನಂತೆ. ಇಷ್ಟು 'ಅಂತೆ'ಗಳನ್ನು ಕೇಳಿಯೂ ಸಹಿ ಹಾಕಲು ನನಗೇನು ತಲೆ ಕೆಟ್ಟಿದೆಯೇ? ಸೋಮವಾರದ ಮದುವೆಗೆ ಶುಕ್ರವಾರವೇ ಬಂದಿಳಿದದ್ದು ಅದಕ್ಕೇ.

ಠಾಣೆಯಿಂದ ಡೊಂಬಿವಲಿಗೆ ಲೋಕಲಿನಲ್ಲಿ ಹತ್ತು ರೂಪಾಯಿ, ಅರ್ಧ ಗಂಟೆಯೊಳಗಿನ ದಾರಿ. ನನ್ನದು ಮುಂಬಯಿಯಿಂದ ಹೊರಹೋಗುವ ಗಾಡಿಯಾದ್ದರಿಂದ ಕೂರಲು ಜಾಗ ಸಿಕ್ಕಿತು. ಎದುರಿನಿಂದ ಬರುವ ಗಾಡಿಗಳಲ್ಲಿ ಜನ ಬಾಗಿಲಲ್ಲೇ ಜೋತುಕೊಂಡಿದ್ದರು. ಡೊಂಬಿವಲಿಯಲ್ಲಿ ಗುಲಾಬಿಯ ಮಗಳು ಶ್ರದ್ಧಾ ಕಾದಿದ್ದಳು. ಇಪ್ಪತ್ತು ವರ್ಷ, ಕಾಲೇಜು ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಹಿಂದಿಯಲ್ಲಿ. "ಆ ಜನ ಹೇಗೆ?" ಎಂದು ಶೇರ್ ರಿಕ್ಷಾದಲ್ಲಿ ಮೆಲ್ಲಗೆ ಕೇಳಿದೆ. "ಅಂಕಲ್? ಅಚ್ಛೇ ಹೈ ಮಾಮಾ. ಮಮ್ಮಿ ಹಸ್ತೀ ಹೈ ಆಜ್‌ಕಲ್" ಎಂದಳು. ಅಮ್ಮ ಈಚೆಗೆ ನಗುತ್ತಾಳಂತೆ. ನಗಿಸುವವರ ಮೇಲೆ ನನಗೆ ಇನ್ನೂ ಹೆಚ್ಚು ಗುಮಾನಿ.

ಹೋಟೆಲು ಎಂದರೆ ಆರು ಮೇಜು. ಬೆಳಿಗ್ಗೆ ನೀರುದೋಸೆ, ಗೋಳಿಬಜೆ. ಮಧ್ಯಾಹ್ನ ಮೀನಿನ ಊಟ. ಎಲ್ಲ ಮೇಜಿನ ಮೇಲೂ ಕಿತ್ತಳೆ ಬಣ್ಣದ ಸಾಸಿನ ಒಂದೊಂದು ಬಾಟಲಿ. ಜಗನ್ನಾಥನಿಗೆ ಐವತ್ತೈದರ ಸುಮಾರು, ತೆಳ್ಳಗಿನ ಆಳು, ಮಾತು ಕಡಿಮೆ. "ಬನ್ನಿ ಭಾವ" ಎಂದು ಕೈ ಒರೆಸಿಕೊಂಡು ಬಂದ. ಇನ್ನೂ ಸಹಿಯೇ ಬಿದ್ದಿಲ್ಲ, ಆಗಲೇ ಭಾವನಂತೆ. ನನಗೆ ಮೈ ಉರಿಯಿತು.

ಅವನು ಸಾಸು ಮಾಡುವುದನ್ನು ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಒಂದು ಹಿಡಿ ಬೆಳ್ಳುಳ್ಳಿಯನ್ನು ಕಲ್ಲುಪ್ಪಿನ ಜೊತೆ ಒರಳಲ್ಲಿ ಜಜ್ಜಿದ. ಹುರಿದ ಜೀರಿಗೆ ಹಾಕಿದ. ಹಣ್ಣಾದ ಹಸಿಮೆಣಸು ನಾಲ್ಕೇ ನಾಲ್ಕು, ಅದೂ ಬೀಜ ತೆಗೆದು. ಆಮೇಲೆ ಸ್ಟೀಲು ಡಬ್ಬಿಯಿಂದ ಕೊಚ್ಚಿದ ಏನೋ ಸೊಪ್ಪು ಉದುರಿಸಿದ. ಕಾಯಿಸಿದ ಎಣ್ಣೆಯನ್ನು ಮೇಲಿನಿಂದ ಸುರಿದಾಗ ಚೊಂಯ್ ಎಂದು ಘಮ ಎದ್ದಿತು. ಕೊನೆಗೆ ಹೇರಳೆಕಾಯಿಯ ರಸ ಹಿಂಡಿದ.

"ಇದು ಎಂತ ಸೊಪ್ಪು?" ಎಂದೆ.

"ಅಲ್ಲಿಯದ್ದೇ ಭಾವ. ರೂಮಿನಲ್ಲಿ ಬೆಳೆಸಿದ್ದೇನೆ."

ರೂಮು ವಿಠ್ಠಲವಾಡಿಯಲ್ಲಿ. ಸೊಪ್ಪನ್ನು ಇಲ್ಲಿ ಕೊಚ್ಚದೆ ಮನೆಯಿಂದಲೇ ಕೊಚ್ಚಿ ತರುವುದೇಕೆ? ಎಲೆ ಯಾರ ಕಣ್ಣಿಗೂ ಬೀಳಬಾರದೆಂದೇ? ಬೆಳ್ಳುಳ್ಳಿಯ ಅಬ್ಬರದ ನಡುವೆಯೂ ಎಲ್ಲೋ ಮೂಸಿದ ವಾಸನೆ ಅನ್ನಿಸಿತು.

ನಮ್ಮಲ್ಲಿ ಉಪ್ಪಿನಕಾಯಿಯ ರುಚಿ ನೋಡುವ ಹಾಗೆ ಅಂಗೈಗುಳಿಗೆ ಒಂದಿಷ್ಟು ಹಾಕಿಸಿಕೊಂಡು ನೆಕ್ಕಿದೆ. ಮೊದಲು ಹುಳಿ, ಹುಳಿಯ ಹಿಂದೆ ಸಣ್ಣ ಕಹಿ, ಮತ್ತೆ ಬೆಳ್ಳುಳ್ಳಿ, ಜೀರಿಗೆ. ಖಾರ ಬರಲಿ ಎಂದು ಕಾದೆ. ಬರಲೇ ಇಲ್ಲ. ನಾಲಿಗೆಯ ತುದಿ ಒಂದಿಷ್ಟು ಬೆಚ್ಚಗಾಯಿತು, ಅಷ್ಟೇ. ಹಾಟ್ ಸಾಸ್ ಎಂದು ಹೆಸರಿಟ್ಟು ಊರಿಗೆಲ್ಲ ನಾಮ ಹಾಕುತ್ತಿದ್ದಾನೆ ಎಂದುಕೊಂಡೆ.

ತಿನ್ನಲು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗಿರಾಕಿಗಳು ಕರಿದ ಬಂಗುಡೆಯ ಮೇಲೆ ಸುರಿದುಕೊಳ್ಳುತ್ತಿದ್ದರು, ಆಮ್ಲೆಟ್ಟಿಗೆ ಸವರಿಕೊಳ್ಳುತ್ತಿದ್ದರು. ಒಬ್ಬ ಮರಾಠಿ ಮಾಸ್ತರರು ಬರೀ ಅನ್ನಕ್ಕೆ ಕಲಸಿ ಉಂಡರು. ಗುಲಾಬಿ ನನಗೆ ಬೇಯಿಸಿದ ಮರಗೆಣಸನ್ನು ಬಿಸಿಬಿಸಿಯಾಗಿ ಒಡೆದು ಅದರ ಮೇಲೆ ಈ ಸಾಸು ಹಾಕಿ ಕೊಟ್ಟಳು. "ಕ್ಯೂಬಾದಲ್ಲೂ ಹೀಗೇ ತಿಂತಾರಂತೆ" ಎಂದಳು. ಮರಗೆಣಸು ನಮ್ಮ ಹಿತ್ತಿಲಿನದು, ಅದನ್ನು ಕ್ಯೂಬಾದವರು ತಿನ್ನುತ್ತಾರೆಂದು ಇವಳನ್ನು ನಂಬಿಸಿದ್ದಾನಲ್ಲ! ಎರಡು ತಟ್ಟೆ ತಿಂದೆ, ಒಂದಕ್ಷರವನ್ನೂ ನಂಬಲಿಲ್ಲ.

ಶನಿವಾರ ಟಿಟ್ವಾಳಾದ ಗಣಪತಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಹೊರಟೆ. ಕಲ್ಯಾಣದಲ್ಲಿ ಇಳಿದು ಗಾಡಿ ಬದಲಿಸಿ ಮುಂದಿನ ಸ್ಟೇಷನ್ ವಿಠ್ಠಲವಾಡಿಗೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಶ್ರದ್ಧಾಳ ಬಾಯಿಂದ ಬಿಡಿಸಿಕೊಂಡಿದ್ದ ಗುರುತು ಹಿಡಿದು ಆ ಕಟ್ಟಡವನ್ನು ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು. ಎರಡನೆಯ ಮಾಳಿಗೆ, ಬಾಗಿಲಿಗೆ ಬೀಗ. ಪಕ್ಕದ ಮನೆಯ ಸಿಂಧಿ ಅಜ್ಜಿಯ ಬಾಗಿಲು ತಟ್ಟಿ, ಈ ಮನುಷ್ಯ ಕುಡಿಯುತ್ತಾನೆಯೇ, ಹೆಂಗಸರು ಯಾರಾದರೂ ಬಂದು ಹೋಗುತ್ತಾರೆಯೇ ಎಂದು ನನ್ನ ಹರಕು ಹಿಂದಿಯಲ್ಲಿ ವಿಚಾರಿಸಿದೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಪ್ ಪುಲೀಸ್ ಸೇ ಹೋ?" ಎಂದು ಕೇಳಿತು. ಅಲ್ಲ ಎಂದೆ. ಹಾಗಾದರೆ ನಿನಗೇಕೆ ಎನ್ನುವ ಹಾಗೆ "ತೋ ಫಿರ್?" ಎಂದಿತು. ನಾನು ಮೆಲ್ಲಗೆ ಬೀಗದ ಬಾಗಿಲಿನ ಕಡೆ ಸರಿದೆ.

ಅಲ್ಲಿ ಜಗನ್ನಾಥನ ಕಿಟಕಿಯ ಸರಳಿನ ಮುಂದೆ ಡಾಲ್ಡಾ ಡಬ್ಬಿಗಳಲ್ಲಿ ಬೆಳೆಸಿದ್ದ ಗಿಡ ಕಣ್ಣಿಗೆ ಬಿತ್ತು. ದಪ್ಪ ಎಲೆ, ಅಂಚಿಗೆ ಗರಗಸದ ಹಲ್ಲು, ಮೈಮೇಲೆ ನವಿರು ರೋಮ. ಒಂದು ಚಿವುಟಿ ಮೂಸಿದೆ. ದೊಡ್ಡಪತ್ರೆ! ಮಕ್ಕಳಿಗೆ ಶೀತವಾದರೆ ಬಾಡಿಸಿ ರಸ ಹಿಂಡುವ, ತಂಬುಳಿ ಮಾಡುವ ಅದೇ ದೊಡ್ಡಪತ್ರೆ. ಇದನ್ನು ಕ್ಯೂಬಾದ ಸೊಪ್ಪು ಎನ್ನುತ್ತಾನೆ ಕಳ್ಳ. ಎರಡು ಎಲೆ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಹಿಂದಿರುಗುವಾಗ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಎರಡು ವಡಾಪಾವ್ ತಿಂದೆ. ಅಷ್ಟು ಖುಷಿಯಾಗಿತ್ತು.

ಇನ್ನೊಂದು ಸಾಕ್ಷ್ಯ ಬೇಕಿತ್ತು. ನವಿ ಮುಂಬಯಿಯ ನೆರೂಳಿನಲ್ಲಿ ನನ್ನ ಹೈಸ್ಕೂಲಿನ ಗೆಳೆಯ ರಾಮಚಂದ್ರ ಇದ್ದಾನೆ. ಗಂಗೊಳ್ಳಿಯವನು, ಇಪ್ಪತ್ತೈದು ವರ್ಷ ಹಡಗಿನಲ್ಲಿ ದುಡಿದು ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಸಾಸಿನ ಬಾಟಲಿ, ಕರವಸ್ತ್ರದ ಎಲೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ, ಘನ್ಸೋಲಿ ದಾಟಿ ಹೋಗುವ ದಾರಿ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಾಜಿನ ಕಟ್ಟಡಗಳು. ರಜೆಯಾದ್ದರಿಂದ ಡಬ್ಬಿ ಅರ್ಧ ಖಾಲಿಯಿತ್ತು.

"ನೀನು ಕ್ಯೂಬಾಕ್ಕೆ ಹೋಗಿದ್ಯಾ?" ಎಂದು ಕೂರುವ ಮೊದಲೇ ಕೇಳಿದೆ.

"ಮೂರು ಸಲ. ಎಂತಕ್ಕೆ ಮಾರಾಯ?"

ಹೆಸರು ಹೇಳದೆ ಬಾಟಲಿ ಮುಂದಿಟ್ಟೆ. ರಾಮಚಂದ್ರ ಚಪಾತಿಯ ತುಂಡಿಗೆ ಸವರಿ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದ.

"ಖಾರವೇ ಇಲ್ಲ ಅಲ್ವಾ?" ಎಂದೆ.

"ಖಾರ ಇದ್ದಿದ್ರೆ ಸುಳ್ಳು ಅಂತಿದ್ದೆ" ಎಂದ. "ಅಲ್ಲಿನ ಜನ ನಮ್ಮ ಹಾಗೆ ಖಾರ ತಿಂಬುದಿಲ್ಲ ಮಾರಾಯ. ಹಾಟ್ ಸಾಸ್ ಅಂತ ಬಾಟ್ಲಿ ಇಡ್ತಾರೆ, ಖಾರ ಹೆಸರಿಗೆ ಮಾತ್ರ. ಅವರಿಗೆ ಬೇಕಾದ್ದು ಬೆಳ್ಳುಳ್ಳಿ, ಹುಳಿ ಕಿತ್ತಳೆ. ಅಲ್ಲಿಯ ಕಿತ್ತಳೆಯೂ ನಮ್ಮ ಹೇರಳೆಕಾಯಿಯ ಹಾಗೇ ಹುಳಿಕಹಿ. ಬೇಯಿಸಿದ ಮರಗೆಣಸಿನ ಮೇಲೆ ಇದನ್ನು ಹಾಕಿ ಕೊಡ್ತಿದ್ರು, ನಾನು ಮೂರು ತಟ್ಟೆ ಹೊಡೀತಿದ್ದೆ."

ಆದರೂ ಬಿಡದೆ ಕರವಸ್ತ್ರ ಬಿಚ್ಚಿದೆ. "ಇದು ನಮ್ಮ ದೊಡ್ಡಪತ್ರೆ. ಇದನ್ನೂ ಅಲ್ಲಿಯದ್ದು ಅಂತಾನೆ."

ರಾಮಚಂದ್ರ ಎಲೆ ಮೂಸಿ ನಕ್ಕ. "ಅಲ್ಲಿಯೂ ಮನೆಮನೆಯ ಕುಂಡದಲ್ಲಿ ಇದೇ ಇರ್ತದೆ. ಮಾಂಸಕ್ಕೆ ಹಾಕ್ತಾರೆ, ಬೀನ್ಸಿಗೆ ಹಾಕ್ತಾರೆ. ನನಗೂ ಮೊದಲ ಸಲ ನಮ್ಮ ಅಮ್ಮ ನೆನಪಾಗಿದ್ರು. ಇದನ್ನು ಮಾಡಿದವ ಬಂದರಿನಲ್ಲಿ ತಿರುಗಿದವ ಅಲ್ಲ, ಅಲ್ಲಿಯವರ ಅಡುಗೆಮನೆಯಲ್ಲಿ ನಿಂತವ. ಯಾರು ಅವ?"

"ಒಬ್ಬ ಗುರ್ತದವ" ಎಂದೆ. ತಂಗಿಯ ಗಂಡನಾಗುವವ ಎಂದು ಹೇಳಲು ನಾಚಿಕೆಯಾಯಿತು. ರಾಮಚಂದ್ರನ ಹೆಂಡತಿ ಊಟಕ್ಕೆ ಒತ್ತಾಯಿಸಿದರೂ ನಿಲ್ಲದೆ ಹೊರಟೆ.

ಸಂಜೆ ಡೊಂಬಿವಲಿಯಲ್ಲಿ ಗುಲಾಬಿ ಒಬ್ಬಳೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಟಿಟ್ವಾಳಾದ ಗಣಪತಿ ವಿಠ್ಠಲವಾಡಿಗೆ ಯಾವಾಗ ಬಂದ ಅಣ್ಣಯ್ಯ?" ಎಂದಳು. ಸಿಂಧಿ ಅಜ್ಜಿ ಜಗನ್ನಾಥನಿಗೆ ಎಲ್ಲವನ್ನೂ ಹೇಳಿಬಿಟ್ಟಿತ್ತು.

"ನಿನ್ನ ಒಳ್ಳೆಯದಕ್ಕೇ ವಿಚಾರಿಸಿದ್ದು. ಇವತ್ತು ನೆರೂಳಿಗೂ ಹೋಗಿ ಕೇಳಿ ಬಂದೆ. ಜನ ಸರಿ ಇದ್ದಾನೆ, ನಾನು ಸೈನ್ ಹಾಕ್ತೇನೆ" ಎಂದೆ.

ಅವಳು ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟಳು. "ಕೋಟದ ಸಂಬಂಧ ನೋಡ್ಲಿಕ್ಕೆ ಹೋದಾಗ ನೀನು ಎಂತ ನೋಡಿದ್ದು? ಬಾವಿ ನೋಡಿದೆ. ತೆಂಗಿನ ಮರ ಎಣಿಸಿದೆ. ಜಾಗದ ನಕ್ಷೆ ಕೇಳಿ ತರಿಸ್ಕೊಂಡೆ. ಅವ ಕುಡಿತಾನಾ, ಹೊಡಿತಾನಾ ಅಂತ ಪಕ್ಕದ ಮನೆಯ ಒಬ್ಬರ ಹತ್ರ ಕೇಳಿದ್ಯಾ? ಹದಿನಾಲ್ಕು ವರ್ಷ ಪೆಟ್ಟು ತಿಂದೆ ನಾನು. ಈಗ ನನಗೆ ಒಬ್ಬ ಮನುಷ್ಯ ಸಿಕ್ಕಿದ ಅಂದ್ರೆ ನೀನು ಮೂರು ಲೈನ್ ರೈಲು ಹತ್ತಿ ಇಳಿತಿ."

ಹೊಡೆಯುತ್ತಿದ್ದ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಊರಿಗೆ ಬಂದಾಗ ಅವಳ ಮೊಣಕೈ ಬಾತುಕೊಂಡಿತ್ತು. ಬಿದ್ದೆ ಎಂದಳು. ಎಲ್ಲದರ ಮೇಲೂ ಅನುಮಾನ ಪಡುವ ನಾನು ಅದೊಂದನ್ನು ತಕ್ಷಣ ನಂಬಿಬಿಟ್ಟಿದ್ದೆ.

ಸೋಮವಾರ ಹನ್ನೊಂದಕ್ಕೆ ಠಾಣೆಯ ಕಚೇರಿ. ಇಸ್ತ್ರಿ ಅಂಗಿ ತೊಟ್ಟು ಮೇಜಿನ ಪಕ್ಕ ನಿಂತೆ. ಗುಮಾಸ್ತ ಸಾಕ್ಷಿಗಳನ್ನು ಕರೆದ. ಮರಾಠಿ ಮಾಸ್ತರರು ಸಹಿ ಹಾಕಿದರು. ಸಿಂಧಿ ಅಜ್ಜಿ ಕನ್ನಡಕ ಏರಿಸಿಕೊಂಡು ಹಾಕಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಗುಲಾಬಿ ಶ್ರದ್ಧಾಳನ್ನು ಕರೆದಳು. ಹುಡುಗಿ ನನ್ನ ಮುಖ ನೋಡದೆ ಬಂದು ಮೂರನೆಯ ಸಹಿ ಹಾಕಿದಳು. "ಅಷ್ಟೇ ಸಾಕು ಅಣ್ಣಯ್ಯ" ಎಂದಳು ಗುಲಾಬಿ. ಸ್ವರದಲ್ಲಿ ಸಿಟ್ಟಿರಲಿಲ್ಲ. ಗುಮಾಸ್ತ ಪುಸ್ತಕ ಮುಚ್ಚಿದ.

ಮೂರೂವರೆಯ ನಂತರ ನನ್ನ ಗಾಡಿ. ಜಗನ್ನಾಥ ನನ್ನ ಚೀಲ ಹೊತ್ತು ಸ್ಟೇಷನ್ನಿಗೆ ಬಂದ, ಸೀಟು ಹುಡುಕಿ ಕೊಟ್ಟ, ನೀರಿನ ಬಾಟಲಿ ತಂದುಕೊಡಲು ಹೋದ. ಕಿಟಕಿಯ ಹೊರಗೆ ಗುಲಾಬಿ ನಿಂತಿದ್ದಳು.

"ತಪ್ಪಾಯ್ತು ಗುಲಾಬಿ" ಎಂದೆ.

"ಯಾವುದು? ಈ ಸಲದ್ದಾ, ಆ ಸಲದ್ದಾ?"

"ಎರಡೂ."

ಅವಳು ಸರಳಿನ ಮೇಲಿದ್ದ ನನ್ನ ಕೈ ಮುಟ್ಟಿದಳು. "ಈ ಸಲದ್ದು ಬಿಡು. ಆ ಸಲದ್ದು ಹೇಳ್ಲಿಕ್ಕೆ ಇಪ್ಪತ್ತೆರಡು ವರ್ಷ ತಕೊಂಡೆ ನೀನು" ಎಂದಳು.

ಗಾಡಿ ಹೊರಟಿತು. ಜಗನ್ನಾಥ ಓಡಿ ಬಂದು ನೀರು ಕೊಟ್ಟ. ಸರಳಿಗೆ ಮುಖವೊತ್ತಿ ಹಿಂದೆ ನೋಡಿದೆ. ಗುಲಾಬಿ ಗಾಡಿಯ ಕಡೆ ನೋಡುತ್ತಿರಲಿಲ್ಲ. ಓಡಿ ಏದುಸಿರು ಬಿಡುತ್ತಿದ್ದ ಗಂಡನ ಬೆನ್ನು ಸವರುತ್ತಾ ನಿಂತಿದ್ದಳು.