ಶನಿವಾರದ ಅದಲು ಬದಲು

ದೆಹಲಿ ಪಕ್ಕದ ಇಂದಿರಾಪುರಂನ ಚಳಿಗಾಲದಲ್ಲಿ ಬಿಸಿಲು ನಮ್ಮ ಬಾಲ್ಕನಿಗೆ ನೆಂಟರ ಹಾಗೆ ಬಂದು, ಚಹಾ ಮುಗಿಯುವ ಮೊದಲೇ ಎದುರಿನ ಟವರಿಗೆ ಹೊರಟುಬಿಡುತ್ತದೆ. ಅದು ಇರುವಷ್ಟು ಹೊತ್ತು ನಾನು ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತೇನೆ. ನನ್ನ ಹೆಂಡತಿ ಸುಧಾ ಇದನ್ನು ನಿದ್ದೆ ಎನ್ನುತ್ತಾಳೆ, ನಾನು ಯೋಚನೆ ಎನ್ನುತ್ತೇನೆ. ಇವತ್ತು ಹೀಗೆ ಯೋಚಿಸುತ್ತಿರುವಾಗ ಪಕ್ಕದ ಬಾಲ್ಕನಿಯಿಂದ ಬಿಸಿ ಸಾಸಿವೆ ಎಣ್ಣೆಯ ವಾಸನೆ ಬಂತು. ಅಲ್ಲಿಯ ಅಜ್ಜಿ ಮೊಮ್ಮಗುವಿನ ಕಾಲು ನೀವುತ್ತಿದ್ದರು. ಕೊಬ್ಬರಿ ಎಣ್ಣೆಯಲ್ಲಿ ಬೆಳೆದ ನಾನು ದೆಹಲಿಗೆ ಬಂದ ಹೊಸದರಲ್ಲಿ ಈ ವಾಸನೆ ಬಂದರೆ ಕಿಟಕಿ ಮುಚ್ಚುತ್ತಿದ್ದೆ. ಈಗ ಅದು ಮೂಗಿಗೆ ಬಿದ್ದರೆ ಸಾಕು, ಒಂದು ಹುಲ್ಲುಹಾಸು, ಅದರ ಮೇಲೆ ಕರಗುತ್ತಿರುವ ಮಂಜು, ಜಮಖಾನೆಗಳ ಮೇಲೆ ಸಾಲಾಗಿ ಮಲಗಿದ ಮಕ್ಕಳು, ಎಲ್ಲ ನಿಧಾನವಾಗಿ ಎದ್ದು ಬರುತ್ತವೆ.

ದೆಹಲಿಯಲ್ಲಿ ಮೆಟ್ರೋ ಇನ್ನೂ ಹೊಸದಾಗಿದ್ದ ವರ್ಷಗಳವು. ನಾವು ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿದ್ದೆವು. ನಮ್ಮ ಪುಟ್ಟಿ ದಿನ ತುಂಬುವ ಮೊದಲೇ ಹುಟ್ಟಿದವಳು. ತಲೆ ಚುರುಕು, ಬಾಯಿ ಅದಕ್ಕಿಂತ ಚುರುಕು, ಕಾಲುಗಳು ಮಾತ್ರ ಬಿಗಿದುಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ಅಂಥ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಕೇಂದ್ರವೊಂದಕ್ಕೆ ವಾರವೆಲ್ಲ ಸುಧಾ ಅವಳನ್ನು ಕರೆದೊಯ್ಯುತ್ತಿದ್ದಳು. ಶನಿವಾರ ಸುಧಾ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು, ನನಗೆ ಆಫೀಸು ರಜೆ. ಹಾಗಾಗಿ ಶನಿವಾರದ ಪಾಳಿ ನನ್ನದಾಯಿತು. ಸ್ವೆಟರ್ ಹೆಣೆಯುತ್ತ, ಬಟಾಣಿ ಸುಲಿಯುತ್ತ ಕೂತ ತಾಯಂದಿರ ನಡುವೆ ಮಫ್ಲರ್ ಸುತ್ತಿಕೊಂಡ ಗಂಡಸು ನಾನೊಬ್ಬನೇ. ಮೊದಲ ದಿನ ಯಾರೋ ನನ್ನನ್ನು ನಲ್ಲಿ ರಿಪೇರಿಗೆ ಬಂದವನೆಂದುಕೊಂಡು ಬಚ್ಚಲು ತೋರಿಸಿದ್ದರು.

ಕೇಂದ್ರವನ್ನು ನಡೆಸುತ್ತಿದ್ದ ಪಂಜಾಬಿ ಹೆಂಗಸನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರದ್ದೊಂದು ವಿಚಿತ್ರ ಕಾಯಿದೆ ಇತ್ತು: ಕೇಂದ್ರದಲ್ಲಿ ಯಾರೂ ಸ್ವಂತ ಮಗುವಿಗೆ ವ್ಯಾಯಾಮ ಮಾಡಿಸುವಂತಿಲ್ಲ. ಬಿಗಿದ ಮಂಡಿಯನ್ನು ನೆಟ್ಟಗೆ ಮಾಡಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಮಗು ಅಳುತ್ತದೆ. ತನ್ನದೇ ಮಗು ಅತ್ತರೆ ಕೈ ತಾನಾಗಿ ಸಡಿಲವಾಗುತ್ತದೆ. ಅದಕ್ಕೇ ಮಕ್ಕಳ ಅದಲು ಬದಲು. ಪುಟ್ಟಿ ಸಂತೋಷ್ ಎಂಬ ಹರಿಯಾಣದ ಹೆಂಗಸಿನ ಪಾಲಾದಳು, ಆಕೆಯ ಮಗ ಗುಡ್ಡೂ ನನ್ನ ಪಾಲಾದ. ಸಂತೋಷ್ ಅನ್ನುವುದು ಆ ಕಡೆ ಹೆಂಗಸರ ಹೆಸರೂ ಹೌದೆಂದು ತಿಳಿಯದೆ, "ಸಂತೋಷ್ ಅವರು ಯಾವಾಗ ಬರ್ತಾರೆ?" ಎಂದು ನಾನು ಆಕೆಯನ್ನೇ ಕೇಳಿದ್ದೆ.

ಗುಡ್ಡೂನ ಮಂಡಿ ಒತ್ತಿ ಹಿಡಿಯುವಾಗ ಅವನ ಗಮನ ತಪ್ಪಿಸಲು ನಾನು ನನ್ನ ಹರಕು ಹಿಂದಿಯಲ್ಲಿ ರಾಜರ ಕಥೆ ಹೇಳುತ್ತಿದ್ದೆ. ನನ್ನ ಬಾಯಲ್ಲಿ ಹಿಂದಿಯ ಲಿಂಗ ತಪ್ಪಿ ರಾಜರೆಲ್ಲ ಹೆಂಗಸರಾಗಿ, ರಾಣಿಯರು ಕುದುರೆ ಏರಿ ಬರುವ ಗಂಡಸರಾಗಿಬಿಡುತ್ತಿದ್ದರು. ಹುಡುಗ ಅಳುತ್ತಲೇ ನಗುತ್ತಿದ್ದ. ಪಕ್ಕದ ಜಮಖಾನೆಯಿಂದ ಪುಟ್ಟಿಯ ದೂರು ಕೇಳಿಸುತ್ತಿತ್ತು. "ಅಪ್ಪಾ, ಆಂಟಿ ಬಹುತ್ ಜೋರಾಗಿ ಎಳೀತಾರೆ." ನಾನು ಆ ಕಡೆ ತಿರುಗಬಾರದು, ಅದೂ ಕಾಯಿದೆ. ಹೊರಗೆ ಮಂಜು ಕರಗಿ ಬಿಸಿಲು ಹರಡುವ ಹೊತ್ತಿಗೆ ಅಳು ನಿಲ್ಲುತ್ತಿತ್ತು. ಎಣ್ಣೆ ಹಚ್ಚಿಸಿಕೊಂಡ ಮಕ್ಕಳು ಅರೆಗಣ್ಣಾಗಿ ಮಲಗಿರುತ್ತಿದ್ದರು. ನನಗೂ ಅಲ್ಲೇ ತೂಕಡಿಕೆ ಬರುತ್ತಿತ್ತು. ಆ ತೂಕಡಿಕೆಯಲ್ಲಿ ಪುಟ್ಟಿ ಕಾಲೋನಿಯ ಬೇವಿನ ಮರಗಳ ಕೆಳಗೆ ನನ್ನ ಕಡೆ ನಡೆದು ಬರುತ್ತಿದ್ದಳು, ವಾಕರ್ ಇಲ್ಲದೆ, ಕೈ ಬೀಸಿಕೊಂಡು. ನಾನು ಬದುಕಿದ್ದೇ ಆ ಒಂದು ಆಸೆಯ ಮೇಲೆ. ವೀಲ್‌ಚೇರ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಆ ಕಾಯಿದೆ ನನ್ನದು.

ಒಂದು ಶನಿವಾರ ಸಂತೋಷ್ ಬಟಾಣಿ ಸುಲಿಯುತ್ತ ಕೂತಿದ್ದಳು. ಗುಡ್ಡೂ ವಾಕರ್ ಹಿಡಿದು ಹುಲ್ಲಿನ ಅಂಚಿನವರೆಗೆ ಬರುವಷ್ಟರಲ್ಲಿ ಬೆವತು ಹೋಗಿದ್ದ. ನಡೆಯುವಾಗ ಆ ವಾಚಾಳಿ ಹುಡುಗನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ, ಜೀವವೆಲ್ಲ ಕಾಲಿಗೇ ಖರ್ಚಾಗುತ್ತಿತ್ತು. ಅದೇ ಹುಡುಗ ಕೇಂದ್ರದ ಹಳೇ ಗಾಲಿಕುರ್ಚಿಯಲ್ಲಿ ಕೂತರೆ ಹರಟುತ್ತ ಅಂಗಳವೆಲ್ಲ ಸುತ್ತುತ್ತಿದ್ದ. ನನಗೆ ವಾರಗಳಿಂದ ಕಾಣುತ್ತಿದ್ದುದನ್ನು ಅವತ್ತು ಹೇಳಿಬಿಟ್ಟೆ.

"ಬೆಹೆನ್‌ಜೀ, ಬೇಜಾರು ಮಾಡ್ಕೋಬೇಡಿ. ಗುಡ್ಡೂಗೆ ಒಂದು ವೀಲ್‌ಚೇರ್ ಕೊಡಿಸಿ. ಅವನು ಶಾಲೆಗೆ ಹೋಗಬೇಕು, ಆಡಬೇಕು. ನಡೆಯೋದರಲ್ಲೇ ಅವನ ದಿನ ಮುಗಿದುಹೋಗ್ತಿದೆ."

ಆಕೆಯ ಕೈ ಬಟಾಣಿಯಲ್ಲಿ ನಿಂತಿತು. ಅಳುತ್ತಾಳೆಂದು ಹೆದರಿದೆ. ಆಕೆ ತನ್ನ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು.

"ಭಾಯಿಸಾಬ್, ನಿಮ್ಮ ಮಗಳ ವಿಷಯದಲ್ಲಿ ಇದೇ ಮಾತು ಹೇಳೋದಕ್ಕೆ ನಾನು ದೀಪಾವಳಿಯಿಂದ ಕಾಯ್ತಿದ್ದೀನಿ."

ನನಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಎದ್ದು ಪುಟ್ಟಿಯನ್ನು ಎತ್ತಿಕೊಂಡು ಹೊರಟೇಬಿಡೋಣ ಅನ್ನಿಸಿತು. "ಪುಟ್ಟಿ ಕಥೆ ಬೇರೆ," ಎಂದೆ.

"ನಾನೂ ಈಗ ಅದನ್ನೇ ಹೇಳೋಳಿದ್ದೆ," ಎಂದಳು ಸಂತೋಷ್. "ಗುಡ್ಡೂ ಕಥೆ ಬೇರೆ ಅಂತ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ಅರ್ಧವನ್ನಷ್ಟೇ ಹೇಳಿದ್ದಾರೆ. ಹೆತ್ತವರಿಗೆ ತಮ್ಮ ಮಗು ಕಾಣುವುದೇ ಇಲ್ಲ, ಮಗುವಿನ ಮೇಲೆ ಹೊದಿಸಿದ ಆಸೆ ಮಾತ್ರ ಕಾಣುತ್ತದೆ. ನಾವಿಬ್ಬರೂ ಮೊದಲು ನಕ್ಕೆವು. ಅದರ ಹಿಂದೆಯೇ ಅಳು ಬಂತು. ಆಕೆ ದುಪಟ್ಟಾದ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನಾನು ಮಫ್ಲರಿನಲ್ಲಿ. ಸ್ವಲ್ಪ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮೇಡಂ ಹತ್ತಿರ ಬಂದು ಇಷ್ಟೇ ಹೇಳಿದರು. "ಅಚ್ಛಾ, ಕುರ್ಚಿ ಬಂತು ಅಂತ ವ್ಯಾಯಾಮ ಬಿಡಬೇಡಿ. ಎರಡೂ ಬೇಕು."

ಅಂದು ಸಂಜೆ ಸುಧಾಗೆ ಎಲ್ಲ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕಿ ಮುಗಿಸಿದಳು. "ನಾನು ಯಾವತ್ತೋ ಹೇಳ್ಬೇಕು ಅಂತಿದ್ದೆ. ನಿಮ್ಮ ಮುಖ ನೋಡಿ ಸುಮ್ಮನಾದೆ," ಎಂದಳು.

ಕುರ್ಚಿ ಬಂದಾಗ ಚಳಿ ಮುಗಿದು, ಕಾಲೋನಿಯ ರಸ್ತೆಗಳಲ್ಲಿ ಬೇವಿನೆಲೆ ಉದುರಿ ಹಾಸಿಕೊಂಡಿತ್ತು. ಕೆಂಪು ಬಣ್ಣದ ಪುಟ್ಟ ಕುರ್ಚಿ. ಅದನ್ನು ನಡೆಸುವುದನ್ನು ಕೇಂದ್ರದಲ್ಲೇ ಕಲಿತಿದ್ದ ಪುಟ್ಟಿ, ಕೂತ ಕೂಡಲೇ ಗೇಟು ದಾಟಿದಳು. ಅವಳಿಗೆ ಇಷ್ಟು ವೇಗ ಬೇಕಾಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಒಣಗಿದ ಎಲೆಗಳ ಮೇಲೆ ಚಕ್ರ ಸರಸರ ಹೊರಟಿತು, ಪಕ್ಕದ ಮನೆಯ ಮಕ್ಕಳು ಕೂಗುತ್ತ ಹಿಂದೆ ಬಿದ್ದರು, ನಾನು ಜಾರುವ ಚಪ್ಪಲಿಯಲ್ಲಿ ಏದುಸಿರು ಬಿಡುತ್ತ ಅವರ ಹಿಂದೆ. ತಿರುವು ಹತ್ತಿರ ಬಂದಾಗ ದಿಗಿಲಾಗಿ ಕೂಗಿದೆ.

"ಪುಟ್ಟೀ, ಓಡ್ಬೇಡ, ಬೀಳ್ತೀಯ."

ಕೂಗಿದವನು ಅಲ್ಲೇ ನಿಂತೆ. ಆ ಕಾಲೋನಿಯ ಅಪ್ಪ ಅಮ್ಮಂದಿರೆಲ್ಲ ಸಂಜೆಯಾದರೆ ಹೇಳುತ್ತಿದ್ದ ಮಾತು, ಅವಳು ಹುಟ್ಟಿದಂದಿನಿಂದ ನನ್ನ ಬಾಯಿಗೆ ಒಮ್ಮೆಯೂ ಬಂದಿರಲಿಲ್ಲ. ಅದನ್ನು ಹೇಳುವ ಭಾಗ್ಯ ಬರಲೆಂದೇ ನಾನು ಅಷ್ಟು ವರ್ಷ ಕಾದಿದ್ದೆ.

ಅವಳು ಕುರ್ಚಿ ತಿರುಗಿಸಿದಳು. ಮುಖವೆಲ್ಲ ಕೆಂಪಾಗಿತ್ತು. "ಕ್ಯಾ ಹುವಾ ಅಪ್ಪಾ? ಏನಂದೆ?"

"ಏನಿಲ್ಲ ಮಗಳೇ," ಎಂದೆ. "ಓಡು."

ಈಗ ಬಾಲ್ಕನಿಯ ಬಿಸಿಲು ಎದುರಿನ ಟವರಿಗೆ ಹೋಗಿದೆ. ಪುಟ್ಟಿ ಊಟಕ್ಕೆ ಬರುತ್ತೇನೆಂದಿದ್ದಾಳೆ. ಕಾಲಿನ ಬದಲು ಕೈಯಿಂದಲೇ ನಡೆಸುವ ಕಾರು ಅವಳದ್ದು, ಗುರುಗ್ರಾಮದಿಂದ ಒಬ್ಬಳೇ ಬರುತ್ತಾಳೆ. ಸಿಗ್ನಲ್ಲಿನಿಂದ ಫೋನು ಮಾಡಿದಾಗ 'ನಿಧಾನ ಬಾ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಪ್ರತಿ ಸಲವೂ ಅದನ್ನೇ ಹೇಳುತ್ತೇನೆ. ಇವತ್ತು ಸಾಸಿವೆ ಎಣ್ಣೆಯ ದೆಸೆಯಿಂದಲೋ ಏನೋ, ಅದನ್ನು ನುಂಗಿಕೊಂಡೆ.

"ಬೇಗ ಬಾ," ಎಂದೆ. "ಹಸಿವಾಗಿದೆ."