ಎಲಿಯೋನ ಅಂಗಡಿಗೆ ಬಂದ ಊರಿನವಳು

ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಎಲಿಯೋ ಹುಟ್ಟಿದ್ದು ಕ್ರೊಯೇಷಿಯಾದ ಪುಟ್ಟ ಹಳ್ಳಿಯೊಂದರಲ್ಲಿ. ಅಲ್ಲಿ ಊರ ಹೆಸರಿನ ಫಲಕವೂ ಎರಡು ಭಾಷೆಯಲ್ಲಿ, ಬೈಗುಳವೂ ಎರಡು ಭಾಷೆಯಲ್ಲಿ. ಬಾಗಿಲಿಗೆ ಬಂದವರು ಕ್ರೊಯೇಷಿಯನ್ ಆಡಲಿ, ಇಟಾಲಿಯನ್ ಆಡಲಿ, ಅವರ ಮಾತಿನಲ್ಲೇ ಒಳಗೆ ಕರೆಯುವುದು ಆ ಊರಿನ ಪದ್ಧತಿ.

ತೊಂಬತ್ತೆರಡನೇ ಇಸವಿಯಲ್ಲಿ ಟಿವಿ ತುಂಬ ಆ ದೇಶದ ಯುದ್ಧವೇ. ಗಿರಾಕಿಗಳು ಕೆದಕುತ್ತಾರೆಂದು ಹೆದರಿ ಎಲಿಯೋ ತಾನು ಅಪ್ಪಟ ಇಟಲಿಯವನೆಂದು ಹೇಳಿಕೊಳ್ಳತೊಡಗಿದ.

ಒಂದು ಶನಿವಾರ ಹತ್ತಿರದ ರೆಸ್ಟನ್ ಊರಿನ ಗಿರಾಕಿ ಗೋಪಿನಾಥ ಕುರ್ಚಿಯಲ್ಲಿ ಕೂತಿದ್ದಾಗ ಮುದುಕಿಯೊಬ್ಬಳು ಬಾಗಿಲಿಗೆ ಬಂದು, "ಎಲಿಯೋ, ನಾನು ಮಿಲ್ಕಾ, ನಿಮ್ಮ ಪಕ್ಕದ ಮನೆಯೋಳು. ಮಗಳ ಹತ್ರ ಬಂದಿದೀನಿ," ಎಂದು ಕ್ರೊಯೇಷಿಯನ್‌ನಲ್ಲಿ ಹೇಳಿದಳು. ಗೋಪಿನಾಥ ಕನ್ನಡಿಯಲ್ಲೇ ಹುಬ್ಬೇರಿಸಿದ. ಎಲಿಯೋ ಕತ್ತರಿ ನಿಲ್ಲಿಸದೆ, "ಸಾರಿ, ಆಕೆಯ ಭಾಷೆ ನನಗೆ ಬರೋದಿಲ್ಲ," ಎಂದ ಗೋಪಿನಾಥನಿಗೆ, ಇಂಗ್ಲಿಷಿನಲ್ಲಿ. ಅಮ್ಮ ಜೋಗುಳ ಹಾಡಿದ ಭಾಷೆಯನ್ನೇ ಗಿರಾಕಿಯೊಬ್ಬನ ಎದುರು ಬರೋದಿಲ್ಲ ಅಂದುಬಿಟ್ಟ, ಪುಣ್ಯಾತ್ಮ!

ಮಿಲ್ಕಾ ಮುನಿಸಿಕೊಳ್ಳಲಿಲ್ಲ. ಥಟ್ಟನೆ ಇಟಾಲಿಯನ್‌ಗೆ ಹೊರಳಿದಳು. "ಪರವಾಗಿಲ್ಲ ಮಗಾ. ಆ ಭಾಷೆ ಮರೆತಿದ್ರೆ ಇದರಲ್ಲಿ ಮಾತಾಡ್ಸು ಅಂತ ನಿಮ್ಮಮ್ಮನೇ ಹೇಳಿಕಳಿಸಿದಾರೆ."

ಎಲಿಯೋನ ಕಿವಿ ಬಿಸಿಯಾಯಿತು. ಕತ್ತರಿ ತಾನಾಗಿ ನಿಂತಿತು. ಊರ ಪದ್ಧತಿಯಂತೆ ಒಳಗೆ ಕರೆಯಬೇಕಾಗಿದ್ದವನು ಅವನು. ಅವನದೇ ಅಂಗಡಿಯ ಬಾಗಿಲಲ್ಲಿ ನಿಂತು, ಅವಳೇ ಅವನನ್ನು ಒಳಗೆ ಕರೆದಿದ್ದಳು.